ಯೂತ್ ಪಾಸ್ಟರ್ ಕೆಲಸಕ್ಕೆ ಕವರಿಂಗ್ ಲೆಟರ್: ಏನು ಬರೆಯಲಿ?

ಲಿಂಗರಾಜಪುರದ ಹುಡುಗ:

ಎಲ್ಲರಿಗೂ ವಂದನೆ. ಮಂಗಳೂರಿನ ಬಲ್ಮಠದಲ್ಲಿ ಬಿ.ಡಿ. (ದೇವಶಾಸ್ತ್ರದ ಪದವಿ) ಮುಗಿಸಿ ಈಗ ಅಕ್ಕನ ಮನೆಯಲ್ಲಿದ್ದೇನೆ. ಹೆಣ್ಣೂರು ಕಡೆಯ ಒಂದು ಸ್ವತಂತ್ರ ಸಭೆಯವರು (ದೊಡ್ಡ ಪಂಗಡಕ್ಕೆ ಸೇರದ ಚರ್ಚ್) ಯೂತ್ ಪಾಸ್ಟರ್ ಬೇಕು ಅಂತ ಹಾಕಿದ್ದಾರೆ. ಬೆಳಗ್ಗೆ ಕನ್ನಡ ಆರಾಧನೆ, ಆಮೇಲೆ ಇಂಗ್ಲಿಷ್. ಬಯೋಡೇಟಾ ಜೊತೆಗೆ ಒಂದು ಪುಟದ ಕವರಿಂಗ್ ಲೆಟರ್ ಕೇಳಿದ್ದಾರೆ.

ಅಪ್ಪ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಯ್ಯನವರು, ಅಂದರೆ ಪಾಸ್ಟರ್. ಬಿಷಪ್ ಎಲ್ಲಿಗೆ ಹಾಕಿದರೆ ಅಲ್ಲಿಗೆ ಸಾಮಾನು ಕಟ್ಟಿಕೊಂಡು ಹೋದವರು. "ದೇವರ ಕೆಲಸಕ್ಕೆ ಅರ್ಜಿ ಏನೋ?" ಅಂತ ನಗ್ತಾರೆ. ಹಾಗಾಗಿ ಮನೆಯಲ್ಲಿ ಕೇಳುವ ಹಾಗಿಲ್ಲ.

ಇಷ್ಟು ಬರೆದಿದ್ದೇನೆ: "ಕರ್ತನ ಪರಿಶುದ್ಧ ನಾಮದಲ್ಲಿ ವಂದನೆಗಳು. ಬಾಲ್ಯದಿಂದಲೂ ಯೌವನಸ್ಥರ ಬಗ್ಗೆ ನನ್ನ ಹೃದಯದಲ್ಲಿ ಒಂದು ಭಾರವಿತ್ತು." ಮುಂದಕ್ಕೆ ಹೋಗ್ತಾನೇ ಇಲ್ಲ. ದೇವರು ಈ ಸೇವೆಗೆ ಕರೆದ ಕರೆಯ ಬಗ್ಗೆ ಎಷ್ಟು ಬರೆಯಬೇಕು? ಸಂಬಳದ ಮಾತು ಎತ್ತಬಹುದಾ?

ಮಾನ್ಯತಾ ಎಚ್‌ಆರ್:

ಬ್ರದರ್, ಯಾವ ಕೆಲಸವಾದರೂ ಲೆಟರ್ ಒಂದೇ. ಮೂರು ಪ್ಯಾರಾ, ನಿಮ್ಮ ಸಾಧನೆಗಳು, ಥ್ಯಾಂಕ್ಸ್. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಕಾಕ್ಸ್‌ಟೌನ್ ಆಂಟಿ:

ಮೂರು ಪ್ಯಾರಾ ಸರಿ. ಆದರೆ "ಸಾಧನೆಗಳು" ಅಂತ ಬರೆದು ಕಳಿಸಿದರೆ ನಮ್ಮ ಕಮಿಟಿಯ ಹಿರಿಯರು ಅಲ್ಲಿಗೇ ನಿಲ್ಲಿಸುತ್ತಾರೆ.

ನಾನು ನಮ್ಮ ಸಭೆಯ ಕಮಿಟಿಯಲ್ಲಿ ಸೆಕ್ರೆಟರಿ. ಇಂಥ ಪತ್ರಗಳನ್ನು ತೆರೆಯುವುದು, ಪ್ರಿಂಟ್ ತೆಗೆದು ಹಂಚುವುದು ನನ್ನ ಕೆಲಸ. ಓದುವವರು ಯಾರು ಅಂತ ತಿಳಿದುಕೋ ತಮ್ಮಾ. ಒಬ್ಬರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್, ಒಬ್ಬರು ನರ್ಸ್, ಇಬ್ಬರು ಸಾಫ್ಟ್‌ವೇರ್. ಭಾನುವಾರ ಆರಾಧನೆ ಮುಗಿದ ಮೇಲೆ, ಕಾಫಿ ಲೋಟ ಕೈಯಲ್ಲಿ ಹಿಡಿದು ಓದುತ್ತಾರೆ. ಪ್ರಸಂಗ ಆಗಲೇ ಒಂದು ಕೇಳಿಯಾಗಿರುತ್ತದೆ. ನಿನ್ನ ಪತ್ರದಲ್ಲಿ ಇನ್ನೊಂದು ಬೇಡ.

"ಭಾರವಿತ್ತು" ಅಂತ ಬರೆಯದವರೇ ಇಲ್ಲ. ಸುಳ್ಳು ಅಂತ ಹೇಳ್ತಿಲ್ಲ. ಆದರೆ ಆ ಸಾಲಿನಿಂದ ನಿನ್ನ ಬಗ್ಗೆ ನಮಗೆ ಏನೂ ಗೊತ್ತಾಗುವುದಿಲ್ಲ. ಕರೆಯ ಬಗ್ಗೆ ಎರಡು ಮೂರು ಸಾಲು ಸಾಕು. ಪೂರ್ತಿ ಸಾಕ್ಷಿ, ಅಂದರೆ ನಿನ್ನ ನಂಬಿಕೆಯ ಕಥೆ, ಎದುರಿಗೆ ಕೂರಿಸಿ ಕೇಳ್ತಾರೆ. ನೀನು ಯಾವ ಹುಡುಗರ ಜೊತೆ ಏನು ಮಾಡಿದೆ ಅನ್ನುವುದಕ್ಕೆ ಜಾಗ ಕೊಡು. ನಮಗೆ ಬಂದಿದ್ದ ಒಂದು ಪತ್ರದಲ್ಲಿ ಹೆಚ್ಚುಕಡಿಮೆ ಹೀಗಿತ್ತು: "ಪಿಯುಸಿ ಮಕ್ಕಳು ಭಾನುವಾರ ಕೋಚಿಂಗ್‌ಗೆ ಹೋಗುತ್ತಿದ್ದರು. ಕೂಟವನ್ನು ಶನಿವಾರ ಸಂಜೆಗೆ ಹಾಕಿದೆವು. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಡುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸ್ಕ್ರೀನ್ ಮೇಲೆ ಹಾಕಿದ್ದಕ್ಕೆ ಹಿರಿಯರಿಗೆ ಬೇಸರವಾಯಿತು. ಈಗ ಎರಡೂ ಅಕ್ಷರದಲ್ಲಿ ಹಾಕುತ್ತೇವೆ." ಇಷ್ಟೇ. ಆದರೆ ಈ ಮನುಷ್ಯ ಹುಡುಗರನ್ನೂ ಹಿರಿಯರನ್ನೂ ಒಟ್ಟಿಗೆ ಇಟ್ಟುಕೊಂಡು ಹೋಗಬಲ್ಲ ಅಂತ ಟೇಬಲ್ ಸುತ್ತ ಇದ್ದವರೆಲ್ಲ ತಲೆ ಆಡಿಸಿದರು. ಕೆಲಸವೂ ಅವರಿಗೇ ಸಿಕ್ಕಿತು.

ಮಾದರಿ ಬೇಕಾದರೆ ಬೈಬಲ್‌ನಲ್ಲಿ ಪೌಲ ಫಿಲೆಮೋನನಿಗೆ ಬರೆದ ಪತ್ರ ಓದು. ಬರೀ 25 ವಚನ. ಅಪ್ಪಣೆ ಕೊಡಬಹುದಾಗಿದ್ದ ಪೌಲ ಅಲ್ಲಿ ಕೇಳಿಕೊಳ್ಳುತ್ತಾನೆ. ಯಾರ ವಿಷಯ, ಏನು ಬೇಕು, ಎಲ್ಲ ನೇರ. ಸಾಲ ಇದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ ಅಂತಾನೆ. ಕೊನೆಯಲ್ಲಿ ನನಗೊಂದು ರೂಮು ರೆಡಿ ಮಾಡಿಡು ಅಂತಲೂ ಕೇಳ್ತಾನೆ!

ಬಿ.ಡಿ. ಅಂದರೇನು ಅಂತ ಸಾಫ್ಟ್‌ವೇರ್‌ನವರಿಗೆ ಗೊತ್ತಿರುವುದಿಲ್ಲ. ಬ್ಯಾಚುಲರ್ ಆಫ್ ಡಿವಿನಿಟಿ, ಸೆರಾಂಪುರ ಸೆನೆಟ್‌ನ ಪದವಿ ಅಂತ ಬಿಡಿಸಿ ಬರೆ. ಸಿಎಸ್‌ಐಯಿಂದ ಸ್ವತಂತ್ರ ಸಭೆಗೆ ಯಾಕೆ ಬರ್ತಿದ್ದೀಯ ಅಂತ ಖಂಡಿತ ಕೇಳ್ತಾರೆ. ಸಿಎಸ್‌ಐಯಲ್ಲಿ ಶಿಶುಗಳಿಗೂ ದೀಕ್ಷಾಸ್ನಾನ ಕೊಡ್ತಾರೆ, ಹಲವು ಸ್ವತಂತ್ರ ಸಭೆಗಳು ಅದನ್ನು ಒಪ್ಪುವುದಿಲ್ಲ. ಆ ವಿಷಯ ಅವರ ನಂಬಿಕೆಯ ಹೇಳಿಕೆಯಲ್ಲಿ ಏನಿದೆ ಅಂತ ಮೊದಲೇ ಓದಿಕೋ. ನಿನಗೆ ಒಪ್ಪಿಗೆ ಇಲ್ಲದಿದ್ದರೆ ಪತ್ರದಲ್ಲೇ ಹೇಳಿಬಿಡು. ಅಲ್ಲಿ ಹೋಗಿ ವರ್ಷ ಕಳೆದ ಮೇಲೆ ಜಗಳ ಆಗುವುದಕ್ಕಿಂತ ವಾಸಿ.

ಲಿಂಗರಾಜಪುರದ ಹುಡುಗ:

ಆಂಟಿ, ತುಂಬಾ ಥ್ಯಾಂಕ್ಸ್. ಹಳೆಯದನ್ನು ಅಳಿಸಿಬಿಟ್ಟೆ. ಪೌಲನೇ ರೂಮು ಕೇಳಿದ್ದಾನೆ ಅಂದರೆ ನಾನು ಬಾಡಿಗೆ ಕೇಳಬಹುದು ಅಲ್ವಾ?

ಕಾಕ್ಸ್‌ಟೌನ್ ಆಂಟಿ:

ಕೇಳಬಹುದು, ಪತ್ರದಲ್ಲಿ ಬೇಡ. ಮಾತಿಗೆ ಕರೆದಾಗ ಕೇಳು. ಮನೆ ಕೊಡ್ತೀರಾ, ಬಾಡಿಗೆ ಕಟ್ತೀರಾ, ವಾರದ ರಜೆ ಯಾವತ್ತು ಅಂತ ಬಾಯಿಬಿಟ್ಟು ಕೇಳು. "ದೇವರು ಕೊಡ್ತಾನೆ" ಅಂದುಕೊಂಡು ಸುಮ್ನೆ ಬರಬೇಡ. ದೇವರು ಕೊಡ್ತಾನೆ ಸರಿ, ಕಮಿಟಿಗೆ ನೆನಪಿಸಬೇಕಲ್ಲ.

ಸಂಡೇ ಸ್ಕೂಲ್ ಟೀಚರ್:

ಒಂದು ಸೇರಿಸುತ್ತೇನೆ. ಯೂತ್ ಅಂದರೂ ಹದಿನೆಂಟು ತುಂಬದ ಮಕ್ಕಳು ಇದ್ದೇ ಇರ್ತಾರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೊಕ್ಸೊ ಕಾಯ್ದೆ ಚರ್ಚ್‌ಗೂ ಅನ್ವಯಿಸುತ್ತದೆ. ಪೊಲೀಸ್ ವೆರಿಫಿಕೇಶನ್ ಕೊಡಲು ಸಿದ್ಧ ಅಂತ ಅವರು ಕೇಳುವ ಮೊದಲೇ ಒಂದು ಸಾಲು ಬರೆಯಿರಿ. ನಾನು ತಾಯಿಯಾಗಿ ಮೊದಲು ಹುಡುಕುವುದು ಅದನ್ನೇ. ವಿಚಾರಿಸಲು ಕೊಡುವ ಹೆಸರುಗಳಲ್ಲಿ ಅಪ್ಪನ ಸ್ನೇಹಿತರು ಬೇಡ. ನೀವು ಕಲಿಸಿದ ಮಗುವಿನ ತಂದೆಯೋ ತಾಯಿಯೋ ಒಬ್ಬರಿರಲಿ.

ಮಾನ್ಯತಾ ಎಚ್‌ಆರ್:

ಸರಿ, ಸಾಧನೆಗಳನ್ನು ವಾಪಸ್ ತಗೊಂಡೆ. ಭಾಷೆ ಯಾವುದು ಅಂತ ಯಾರೂ ಹೇಳಲಿಲ್ಲ?

ಕಾಕ್ಸ್‌ಟೌನ್ ಆಂಟಿ:

ಜಾಹೀರಾತು ಯಾವ ಭಾಷೆಯಲ್ಲಿದೆಯೋ ಅದರಲ್ಲಿ. ಇಂಗ್ಲಿಷ್ ಆಗಿದ್ದರೂ ಕನ್ನಡದಲ್ಲಿ ಪ್ರಸಂಗ ಮಾಡಬಲ್ಲೆ ಅಂತ ಹೇಳು, ಬೆಂಗಳೂರಲ್ಲಿ ಅಂಥವರು ಸಿಗುವುದೇ ಕಷ್ಟ. ಕನ್ನಡದಲ್ಲಿ ಬರೆದರೆ ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ವರ್ಡ್ ಫೈಲ್ ಕಳಿಸಬೇಡ ಮಾರಾಯ. ನಮ್ಮ ಫೋನ್‌ನಲ್ಲಿ ಬರೀ ಚಿತ್ರವಿಚಿತ್ರ ಗುರುತು ಕಾಣುತ್ತದೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡು, ಫೈಲಿಗೆ ನಿನ್ನ ಹೆಸರಿಡು.