ಪುಟ್ಟಿಯ ಪುಸ್ತಕ ಕಿತ್ಕೋಬೇಡ ಅಮ್ಮಣ್ಣಿ

ಅಮ್ಮಣ್ಣಿ, ನಿನ್ನ ಮೆಸೇಜ್ ಈಗ ತಾನೆ ನೋಡಿದೆ. ಟೈಪ್ ಮಾಡೋದು ನನ್ನ ಕೈಲಿ ಆಗಲ್ಲ. ಮಾತಾಡುತ್ತಾ ಹೋದರೆ ಫೋನೇ ಬರೆದುಕೊಳ್ಳುತ್ತೆ ಅಂತ ಪುಟ್ಟಿ ಹೇಳಿಕೊಟ್ಟಿದ್ದಾಳಲ್ಲ, ಹಾಗೇ ಹೇಳುತ್ತಿದ್ದೇನೆ. ಉದ್ದ ಆದರೆ ಈ ಮನೆಯವರ ಗ್ರೂಪಲ್ಲಿ ಯಾರೂ ಬೇಜಾರು ಮಾಡ್ಕೋಬೇಡಿ.

"ಪುಟ್ಟಿ ರಾತ್ರಿ ಹನ್ನೆರಡಾದರೂ ಅದ್ಯಾವುದೋ ಮಾಯಮಂತ್ರದ ಇಂಗ್ಲಿಷ್ ಕಾದಂಬರಿ ಹಿಡಿದು ಕೂತಿರುತ್ತಾಳೆ, ಅತ್ತೆಯವರು ಹೆದರಿಕೊಂಡಿದ್ದಾರೆ, ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಲಾ ದೊಡ್ಡಮ್ಮ" ಅಂತ ಕೇಳಿದ್ದೀಯ. ಹಾಕೋಕೆ ಮುಂಚೆ ಕೇಳಿದೆಯಲ್ಲ, ಪುಣ್ಯ. ಬೀಗ ಹಾಕಬೇಡ. ಪುಸ್ತಕ ಕಿತ್ಕೋಬೇಡ.

ಯಾಕೆ ಹೇಳುತ್ತೇನೆ ಕೇಳು. ನಮ್ಮ ದೊಡ್ಡಪ್ಪ ನಿಮಗೆಲ್ಲ ಗೊತ್ತಲ್ಲ, ಹಳೇ ಮನೆ ಹಜಾರದ ಫೋಟೋದಲ್ಲಿ ಕೋಟು ಪೇಟ ಹಾಕಿಕೊಂಡು ನಿಂತಿದ್ದಾರಲ್ಲ, ಅವರೇ. ನನಗೆ ಆಗ ಪುಟ್ಟಿಯದೇ ವಯಸ್ಸು. ಪಕ್ಕದ ಬೀದಿ ಗೆಳತಿಯೊಬ್ಬಳು ಒಂದು ಕಾದಂಬರಿ ಕೊಟ್ಟಿದ್ದಳು. ರಟ್ಟು ಹೋಗಿತ್ತು, ಮುಂದಿನ ಹಾಳೆಗಳೂ ಇರಲಿಲ್ಲ. ಹೆಸರು ಗೊತ್ತಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಮಂತ್ರವಾದಿಯೊಬ್ಬ ತಮ್ಮನನ್ನು ಗಿಳಿ ಮಾಡಿ ಇಟ್ಟುಕೊಂಡಿರುತ್ತಾನೆ, ಅಕ್ಕ ಹುಡುಕಿಕೊಂಡು ಹೊರಡುತ್ತಾಳೆ. ಏಳು ಬಾಗಿಲು ದಾಟಬೇಕು. ಒಂದೊಂದು ಬಾಗಿಲಲ್ಲೂ ತಮ್ಮನ ಬಗ್ಗೆ ಒಂದೊಂದು ನೆನಪು ಕೊಟ್ಟರೆ ಬಾಗಿಲು ತೆಗೆಯುತ್ತೆ. ಏಳನೆಯದರ ಮುಂದೆ ನಿಂತಾಗ ಅವಳಿಗೆ ತಮ್ಮನ ಹೆಸರೇ ನೆನಪಿಲ್ಲ. ಅಲ್ಲಿಗೆ ಓದಿದ್ದೆ. ಬಚ್ಚಲಮನೆಯಲ್ಲಿ ಹಂಡೆ ಒಲೆ ಉರಿ ನೋಡಿಕೋ ಅಂತ ಕೂರಿಸಿದ್ದರು, ಆ ಬೆಳಕಲ್ಲೇ ಓದುತ್ತಿದ್ದೆ. ದೊಡ್ಡಪ್ಪ ಹಿಂದಿನಿಂದ ಬಂದು ಕೈಯಿಂದ ಕಿತ್ತರು. ಏನಿದು ಅಂತ ಒಂದು ಹಾಳೆನೂ ತಿರುವಲಿಲ್ಲ. ಒಲೆಗೆ ಎಸೆದರು.

ನೀಲಗಿರಿ ಸೊಪ್ಪಿನ ಉರಿ ಅದು, ಚಟಚಟ ಅಂತ ಹತ್ತಿಕೊಳ್ಳುತ್ತೆ. ಆದರೆ ಪುಸ್ತಕ ಬೇಗ ಸುಡಲ್ಲ ಕಣೇ. ಅಂಚು ಕಪ್ಪಾಗಿ, ಹಾಳೆ ಒಂದೊಂದಾಗಿ ತಾನೇ ಮಗುಚಿಕೊಳ್ಳುತ್ತೆ. ಮಗುಚಿದಾಗ ಒಂದೆರಡು ಸಾಲು ಕಾಣುತ್ತಿತ್ತು. ಬಗ್ಗಿ ಓದೋಕೆ ಹೋಗಿ ಹುಬ್ಬು ಸೀದುಕೊಂಡೆ. ಆ ಅಕ್ಕನಿಗೆ ತಮ್ಮನ ಹೆಸರು ನೆನಪಾಯಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಓದೋದು ಬಿಟ್ಟೆನಾ? ಇಲ್ಲ. ಹೇಳೋದು ಬಿಟ್ಟೆ. ಅಟ್ಟದ ಮೇಲೆ ರಾಗಿ ಮೂಟೆಗಳ ಸಂದಿಯಲ್ಲಿ ಚಿಮಣಿ ಬುಡ್ಡಿ ಇಟ್ಟುಕೊಂಡು ಓದುತ್ತಿದ್ದೆ. ಸ್ಕೂಲಲ್ಲಿ ಬೋರ್ಡು ಮಸುಕಾಗಿ ಕಾಣೋಕೆ ಶುರುವಾಯಿತು. ಮನೆಯಲ್ಲಿ ಹೇಳಿದರೆ "ಓದಿ ಓದಿ ಕಣ್ಣು ಕೆಡಿಸಿಕೊಂಡಳು" ಅಂತ ಇರೋದನ್ನೂ ಬಿಡಿಸುತ್ತಾರೆ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಪಕ್ಕದವಳ ನೋಟ್ಸ್ ನೋಡಿ ಬರೆದುಕೊಂಡೇ ಎಸ್ಸೆಸ್ಸೆಲ್ಸಿ ಮುಗಿಸಿದೆ. ಕನ್ನಡಕ ಬಂದಿದ್ದು ಮದುವೆ ಆದ ಮೇಲೆ. ಅದಕ್ಕೇ ಹೇಳುತ್ತಿದ್ದೇನೆ ಅಮ್ಮಣ್ಣಿ, ಪುಸ್ತಕ ಕಿತ್ಕೋಬೇಡ. ಕಿತ್ಕೊಂಡರೆ ಆ ಮಗು ಆಮೇಲೆ ನಿನ್ನ ಹತ್ತಿರ ಏನನ್ನೂ ಹೇಳಲ್ಲ.

ಇನ್ನು ಆ ಪುಸ್ತಕ. ಅದನ್ನು ನಾನೂ ಓದಿದ್ದೇನೆ. ಯುಗಾದಿಗೆ ಬಂದಾಗ ಇಲ್ಲೇ ಮರೆತು ಹೋಗಿದ್ದಳಲ್ಲ. ಬೆಂಗಳೂರಿಗೆ ಹೋದಾಗ ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲಿ ಆರಿಸಿದ್ದಂತೆ. 'ಆರ್ಚರ್ಸ್ ಗೂನ್' ಅಂತ ಹೆಸರು, 1984ರದ್ದು. ಬರೆದವರು ಡಯಾನಾ ವಿನ್ ಜೋನ್ಸ್, ಇಂಗ್ಲೆಂಡಿನವರು. ಈಯಮ್ಮ 1986ರಲ್ಲಿ ಬರೆದ 'ಹೌಲ್ಸ್ ಮೂವಿಂಗ್ ಕ್ಯಾಸಲ್' ಅನ್ನೋ ಇನ್ನೊಂದನ್ನು ಜಪಾನಿನವರು 2004ರಲ್ಲಿ ಕಾರ್ಟೂನ್ ಸಿನಿಮಾ ಮಾಡಿದರು, ಅದು ಎಲ್ಲರಿಗೂ ಗೊತ್ತು. ಇದನ್ನು ಕೇಳುವವರೇ ಕಮ್ಮಿ. ನನ್ನ ಕೇಳಿದರೆ ಇದಕ್ಕೇ ಜಾಸ್ತಿ ಮಾರ್ಕ್ಸು.

ಹದಿಮೂರು ವರ್ಷದ ಹುಡುಗ ಸ್ಕೂಲಿಂದ ಮನೆಗೆ ಬಂದರೆ ಅಡುಗೆಮನೆಯಲ್ಲಿ ಒಬ್ಬ ಭಾರೀ ಆಳು ಕೂತಿರುತ್ತಾನೆ. ಮೈ ಅಷ್ಟು ದೊಡ್ಡದು, ತಲೆ ಮಾತ್ರ ಇಷ್ಟೇ ಇಷ್ಟು. ನಿಮ್ಮಪ್ಪ ಕೊಡಬೇಕಾದ್ದು ಬಾಕಿ ಇದೆ, ಕೊಡುವವರೆಗೂ ಏಳಲ್ಲ ಅಂತಾನೆ. ಬಾಕಿ ದುಡ್ಡಲ್ಲ, 2000 ಪದ! ಅಪ್ಪ ಬರಹಗಾರ, ಮೂರು ತಿಂಗಳಿಗೊಮ್ಮೆ ಅಷ್ಟು ಬರೆದು ಕೊಡಬೇಕು. ಯಾರಿಗೆ, ಯಾತಕ್ಕೆ ಅಂತ ಅವನಿಗೇ ಗೊತ್ತಿಲ್ಲ. ಆಮೇಲೆ ನೋಡಿದರೆ ಆ ಊರನ್ನು ಏಳು ಜನ ಒಡಹುಟ್ಟಿದವರು, ಎಲ್ಲರೂ ಮಾಯಾವಿಗಳು, ಪಾಲು ಹಾಕಿಕೊಂಡಿದ್ದಾರೆ. ಒಬ್ಬನಿಗೆ ಕರೆಂಟು, ಒಬ್ಬಳಿಗೆ ಪೊಲೀಸರು, ಇನ್ನೊಬ್ಬಳಿಗೆ ಕಳ್ಳಕಾಕರು, ಒಬ್ಬನಿಗೆ ನೀರು ಚರಂಡಿ. ಅಪ್ಪ ಇನ್ನು ಬರೆಯಲ್ಲ ಅಂತ ಹಟ ಹಿಡಿದ. ಶುರುವಾಯಿತು ನೋಡು ಕಾಟ. ಕರೆಂಟು ಕಿತ್ತರು. ಮನೆ ಮುಂದೆ ರಸ್ತೆ ಅಗೆದು ಹಾಕಿದರು. ಇದರಲ್ಲಿ ಮಾಯ ಎಲ್ಲಿದೆ, ನಮ್ಮ ಕೋಲಾರದಲ್ಲಿ ದಿನಾ ನಡೆಯೋದೇ ಅಲ್ವಾ ಅಂತ ಒಬ್ಬಳೇ ಕೂತು ನಕ್ಕಿದ್ದೇ ನಕ್ಕಿದ್ದು.

ಆ ಮನೆಯವರು ದಿನಾ ಕಿತ್ತಾಡುತ್ತಾರೆ. ತಂಗಿ ಕಿರುಚಿದರೆ ಮನೆ ಕಿತ್ತುಹೋಗುತ್ತೆ. ಆದರೂ ಹೊರಗಿನವನು ಬಂದು ಹೆದರಿಸಿದ ತಕ್ಷಣ ಎಲ್ಲರೂ ಒಂದೇ. ಆ ಏಳು ಜನ ಮಾಯಾವಿಗಳು ಮಾತ್ರ ಒಬ್ಬರನ್ನೊಬ್ಬರು ನಂಬಲ್ಲ. ನಮ್ಮ ಮುಳಬಾಗಿಲಿನ ಜಮೀನು ಪಾಲಾದದ್ದನ್ನು ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಾ? ಕೊನೆಗೆ ಏನಾಗುತ್ತೆ ಅಂತ ಹೇಳಲ್ಲ, ಹೇಳಿದರೆ ಪುಟ್ಟಿ ನನ್ನನ್ನು ಸುಮ್ಮನೆ ಬಿಡಲ್ಲ. ನಾನು ಮಾತ್ರ ಮುಗಿಸಿದ ತಕ್ಷಣ ಮೊದಲ ಪುಟಕ್ಕೆ ವಾಪಸ್ ಹೋದೆ.

ನಿಮ್ಮ ಅತ್ತೆಯವರಿಗೆ ಹೆದರಬೇಡಿ ಅಂತ ಹೇಳು. ಅವರು ಈ ಗ್ರೂಪಲ್ಲಿ ಇಲ್ಲ ತಾನೆ? ಮಗು ಒಂದು ಸಲ ಜಾಸ್ತಿ ಅತ್ತರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವವರು ಅವರೇ. ಕೋಲಾರಮ್ಮನ ಗುಡಿಗೆ ಹೋದರೆ ಚೇಳಮ್ಮನಿಗೆ ಕೈಮುಗಿಯದೆ ಬರಲ್ಲ, ಚೇಳು ಕುಟುಕದಿರಲಿ ಅಂತ. ಆವಣಿ ಬೆಟ್ಟ ಹತ್ತಿ ಲವಕುಶರು ಹುಟ್ಟಿದ ಜಾಗ ಅಂತ ಮೊಮ್ಮಗಳಿಗೆ ತೋರಿಸಿದವರೂ ಅವರೇ. ಅಪ್ಪನ ಮೇಲೆ ಬಾಣ ಬಿಟ್ಟ ಮಕ್ಕಳ ಕಥೆ ಅದು. ಅದಕ್ಕಿಂತ ಇದರಲ್ಲಿ ಹೆಚ್ಚೇನಿದೆ? ಪುಟ್ಟಿಗೆ ಹೇಳು, ಮಧ್ಯಾಹ್ನ ಅಜ್ಜಿ ಪಕ್ಕ ಕೂತು ಎರಡು ಪುಟ ಕನ್ನಡದಲ್ಲಿ ಹೇಳಲಿ. ಆಮೇಲೆ ಮುಂದೇನಾಯಿತು ಅಂತ ಅವರೇ ಕರೆಯುತ್ತಾರೆ.

ಪುಸ್ತಕ ಅಂದಾಗ ನೆನಪಾಯಿತು. ನಮ್ಮ ಯಜಮಾನರು ಬೈಂಡ್ ಮಾಡಿಸಿಟ್ಟಿದ್ದ ಚಂದಮಾಮ ಎಲ್ಲಿ? ಕನ್ನಡದಲ್ಲಿ ಅದು ಶುರುವಾಗಿದ್ದು 1949ರಲ್ಲಿ. ನಮ್ಮ ಹತ್ತಿರ ಅಷ್ಟು ಹಳೆಯದಿರಲಿಲ್ಲ, ಆದರೆ ಅರವತ್ತರ ದಶಕದ್ದು ಸಾಲಾಗಿತ್ತು. ಕೆಂಪು ಕ್ಯಾಲಿಕೋ ಬೈಂಡು, ಬೆನ್ನಿನ ಮೇಲೆ ಇಸವಿ. ಬೇತಾಳನ ಕಥೆ ಒಂದೂ ತಪ್ಪಿರಲಿಲ್ಲ. "ಬೇಸಿಗೆ ರಜಾಕ್ಕೆ ಮಕ್ಕಳು ಓದಲಿ ಅಕ್ಕ" ಅಂತ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಹೋದವರು ಯಾರು ಅಂತ ನಾನು ಹೇಳಲ್ಲ. ಈ ಗ್ರೂಪಲ್ಲೇ ಇದ್ದಾರೆ. ದಿನಾ ಬೆಳಗ್ಗೆ ಗುಡ್ ಮಾರ್ನಿಂಗ್ ಹೂವು ಹಾಕುತ್ತಾರೆ. ಆ ಮಕ್ಕಳಿಗೆ ಈಗ ಮದುವೆ ಆಗಿದೆ. ಪುಸ್ತಕ ವಾಪಸ್ ಬಂದಿಲ್ಲ. ರದ್ದಿಗೆ ಹಾಕಿದ್ದರೆ ಹಾಕಿದೆ ಅಂತಾದರೂ ಒಂದು ಮಾತು ಹೇಳಿ, ನಾನು ಕಾಯೋದು ಬಿಡುತ್ತೇನೆ.

ಲೈಬ್ರರಿಗೆ ಹೋಗೋಣ ಅಂದರೆ ಅದೊಂದು ಕಥೆ. 1965ರ ಕಾಯ್ದೆ ಪ್ರಕಾರ ಮನೆ ಕಂದಾಯದ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತಾ ಬಂದಿದ್ದೇವೆ. ನಾನು ಹೋದ ಕಡೆ ಎಲ್ಲಾ ಕಾಂಪಿಟಿಟಿವ್ ಪರೀಕ್ಷೆಯ ಗೈಡುಗಳೇ. ಮಕ್ಕಳ ಕಪಾಟಿಗೆ ಬೀಗ. ಬೀಗದ ಕೈ ಇರುವವರು ರಜೆ. ಇನ್ನು ಮಕ್ಕಳು ಓದಲ್ಲ, ಮೊಬೈಲ್ ಹಿಡಿಯುತ್ತಾರೆ ಅಂತ ಎಲ್ಲರೂ ಭಾಷಣ ಮಾಡೋರೇ.

ಅಯ್ಯೋ, ಹೇಳಬೇಕಾದ್ದೇ ಬಿಟ್ಟೆ. ಅಮ್ಮಣ್ಣಿ, ಪುಟ್ಟಿಯ ಕಣ್ಣು ಟೆಸ್ಟ್ ಮಾಡಿಸು. ಯುಗಾದಿಗೆ ಬಂದಾಗಲೇ ನೋಡಿದೆ, ಪುಸ್ತಕ ಮೂಗಿಗೆ ಅಂಟಿಸಿಕೊಂಡು ಓದುತ್ತಿದ್ದಳು. ಟೀವಿಯಲ್ಲಿ ಕೆಳಗೆ ಅಕ್ಷರ ಓಡಿದರೆ ಕಣ್ಣು ಕಿರಿದು ಮಾಡುತ್ತಿದ್ದಳು. ಕ್ಲಾಸಲ್ಲಿ ಯಾವ ಬೆಂಚು, ಬೋರ್ಡು ಕಾಣುತ್ತಾ ಅಂತ ಕೇಳು. ಓದಿದ್ದಕ್ಕೆ ಹೀಗಾಯಿತು ಅಂತ ಅವಳೆದುರು ಯಾರೂ ಒಂದು ಮಾತೂ ಆಡಬಾರದು. ರಾತ್ರಿ ಹತ್ತಕ್ಕೆ ದೀಪ ಆರಿಸು, ಹೊದಿಕೆಯೊಳಗೆ ಮೊಬೈಲ್ ಬೆಳಕಲ್ಲಿ ಓದೋದು ಬೇಡ. ಪುಸ್ತಕ ಮಾತ್ರ ಅವಳ ದಿಂಬಿನ ಪಕ್ಕವೇ ಇರಲಿ. ಸಂಜೆ ಹೊತ್ತು ಮುಳುಗುವವರೆಗೂ ಬಯಲಲ್ಲಿ ಆಡಲಿ, ಬೆಳೆಯೋ ಕಣ್ಣಿಗೆ ಹಗಲು ಬೆಳಕು ಒಳ್ಳೇದು.

ಡಾಕ್ಟರ ಹತ್ತಿರ ಶನಿವಾರ ಹೋಗು, ಮಾರನೇ ದಿನ ರಜ ಇರುತ್ತೆ. ಕಣ್ಣಿಗೆ ಡ್ರಾಪ್ಸ್ ಹಾಕಿದರೆ ಒಂದಷ್ಟು ಹೊತ್ತು ಹತ್ತಿರದ್ದೆಲ್ಲ ಮಸುಕಾಗುತ್ತೆ, ಓದೋಕಾಗಲ್ಲ. ಅದನ್ನು ಅವಳಿಗೆ ಮೊದಲೇ ಹೇಳಿಬಿಡು, ಇಲ್ಲದಿದ್ದರೆ ಅಲ್ಲೇ ಕೂತು ಅಳುತ್ತಾಳೆ.