55 ಇಂಚಿನ ಹೊಸ ಟಿವಿ: ಪ್ರೈಮ್ ಮಸುಕು, ನೆಟ್‌ಫ್ಲಿಕ್ಸ್ ಇಲ್ಲ, ಬೆಳಿಗ್ಗೆ ಹಾಕಿದರೆ ‘ಇಂಟರ್‌ನೆಟ್ ಇಲ್ಲ’

ಹೊಳೆಬಾಗಿಲು:

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ಊರಿನಲ್ಲಿರುವ ಅಪ್ಪನಿಗೆ ಕಳೆದ ವಾರ 55 ಇಂಚಿನ ಸ್ಮಾರ್ಟ್ ಟಿವಿ ತರಿಸಿಕೊಟ್ಟೆ. ಕಣ್ಣಿನ ಪೊರೆ ತೆಗೆಸಿದ ಮೇಲೂ ಹಳೆಯ 24 ಇಂಚಿನ ಟಿವಿಯಲ್ಲಿ ವಾರ್ತೆಯ ಅಕ್ಷರಗಳು ಅವರಿಗೆ ಕಾಣುತ್ತಿರಲಿಲ್ಲ. ಕುರ್ಚಿಯನ್ನು ಪರದೆಯ ಮುಂದಕ್ಕೇ ಎಳೆದುಕೊಂಡು ಕೂರುತ್ತಿದ್ದರು. ಹೆಸರಾಂತ ಕಂಪನಿಯ 55 ಇಂಚು ನನ್ನ ಕೈಗೆ ಎಟುಕಲಿಲ್ಲ. ಆನ್‌ಲೈನಿನಲ್ಲಿ ಅಷ್ಟೇನೂ ಹೆಸರು ಕೇಳಿರದ ಒಂದು ಕಂಪನಿಯದು 22,990 ರೂಪಾಯಿಗೆ ಸಿಕ್ಕಿತು. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಾರಾಟದ ಪುಟದಲ್ಲಿ ‘4ಕೆ ಅಲ್ಟ್ರಾ ಎಚ್‌ಡಿ, 3840 × 2160, ಎಚ್‌ಡಿಆರ್, ಆಂಡ್ರಾಯ್ಡ್’ ಎಂದಿತ್ತು. 4ಕೆ ಎಂದರೆ ಪರದೆಯಲ್ಲಿ ಅಡ್ಡಕ್ಕೆ 3840, ಲಂಬಕ್ಕೆ 2160 ಚುಕ್ಕಿಗಳು.

ತೊಂದರೆಗಳು ಇವು. ಯೂಟ್ಯೂಬ್ ಸ್ಪಷ್ಟವಾಗಿ ಬರುತ್ತದೆ, ಆದರೆ ಪ್ರೈಮ್ ವಿಡಿಯೊ ಹಳೆಯ ಕೇಬಲ್ ಟಿವಿಯಂತೆ ಮಸುಕಾಗಿದೆ. ನೆಟ್‌ಫ್ಲಿಕ್ಸ್ ಟಿವಿಯಲ್ಲಿ ಇಲ್ಲವೇ ಇಲ್ಲ. ಪೆನ್‌ಡ್ರೈವಿನಿಂದ ಹಾಕಿದರೆ ಮೊಬೈಲಿನ ಆ್ಯಪ್ ತೆರೆದುಕೊಂಡು, ಈ ಸಾಧನಕ್ಕೆ ಹೊಂದುವುದಿಲ್ಲ ಎನ್ನುತ್ತದೆ. ಮೂರನೆಯದು ಅಪ್ಪನಿಗೆ ದಿನವೂ ಬೇಸರ ತರಿಸುತ್ತಿರುವುದು: ರಾತ್ರಿ ಸ್ವಿಚ್ ಆರಿಸಿ ಬೆಳಿಗ್ಗೆ ಹಾಕಿದರೆ ವೈಫೈ ಸೇರಿದೆ ಎಂದು ತೋರಿಸಿದರೂ ಯಾವ ಆ್ಯಪ್ ತೆರೆದರೂ ‘ಇಂಟರ್‌ನೆಟ್ ಇಲ್ಲ’. ಅದೇ ವೈಫೈನಲ್ಲಿ ಮೊಬೈಲ್ ಚೆನ್ನಾಗಿಯೇ ನಡೆಯುತ್ತದೆ.

ಹಿಂದಿರುಗಿಸಲು ಹತ್ತು ದಿನಗಳ ಅವಕಾಶವಿತ್ತು, ಇನ್ನು ನಾಲ್ಕು ದಿನ ಉಳಿದಿದೆ. ಇದು ಸರಿಹೋಗುವ ತೊಂದರೆಯೇ, ಅಥವಾ ವಾಪಸು ಕಳುಹಿಸಲೇ?

ದೋಹಾ_ಕನ್ನಡಿಗ:

ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ. ನನ್ನ ಟಿವಿಯಲ್ಲಿ ಪ್ರೈಮ್ ಹೀಗೇ ಆಗಿದ್ದಾಗ ಅದರಿಂದ ಸರಿಹೋಗಿತ್ತು.

ಸುಮಾ_ಮೈಸೂರು:

ರೀಸೆಟ್ ಈಗಲೇ ಬೇಡ. ಅದರಿಂದ ಟಿವಿಗೇನೂ ಆಗುವುದಿಲ್ಲ, ಆದರೆ ಉಳಿದಿರುವ ನಾಲ್ಕು ದಿನಗಳಲ್ಲಿ ಒಂದು ಕೈಬಿಟ್ಟು ಹೋಗುತ್ತದೆ. ಹೊಳೆಬಾಗಿಲು ಅವರೇ, ಮೊದಲು ಪೆಟ್ಟಿಗೆ, ಥರ್ಮೋಕೋಲ್, ಬಿಲ್ಲು ಎಲ್ಲವನ್ನೂ ಜೋಪಾನವಾಗಿಡಿ. ಮಾರಾಟದ ಪುಟ ಬದಲಾಗುವ ಮುನ್ನ ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಆಮೇಲೆ ಇಷ್ಟನ್ನು ನೋಡಿ ತಿಳಿಸಿ. ಗೂಗಲ್ ಪ್ಲೇ ಸ್ಟೋರ್ ಇದೆಯೇ? ಇದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಸಾಧನ ಪ್ರಮಾಣೀಕೃತವೇ ಎಂದು ಬರೆದಿರುತ್ತದೆ. ‘ಡಿಆರ್‌ಎಂ ಇನ್ಫೊ’ ಎಂಬ ಚಿಕ್ಕ ಆ್ಯಪ್ ಹಾಕಿದರೆ ವೈಡ್‌ವೈನ್ (ಹಣ ಕೊಟ್ಟು ನೋಡುವ ವಿಡಿಯೊಗಳಿಗೆ ಹಾಕುವ ಗೂಗಲ್‌ನ ಡಿಜಿಟಲ್ ಬೀಗ) ಎಲ್1 ಎಂದು ತೋರಿಸುತ್ತದೆಯೋ ಎಲ್3 ಎಂದೋ? ಕೊನೆಯದಾಗಿ, ಬೆಳಿಗ್ಗೆ ‘ಇಂಟರ್‌ನೆಟ್ ಇಲ್ಲ’ ಎಂದಾಗ ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಎಷ್ಟೆಂದು ತೋರಿಸುತ್ತದೆ? ಇದನ್ನು ಮಾತ್ರ ಮರೆಯಬೇಡಿ.

ಹೊಳೆಬಾಗಿಲು:

ಮೇಡಂ, ದಿನಾಂಕ ನೋಡಿ ಗಾಬರಿಯಾಯಿತು. 1970ರ ಜನವರಿ 1, ಬೆಳಿಗ್ಗೆ 5.30! ಪ್ಲೇ ಸ್ಟೋರ್ ಇಲ್ಲ, ಬೇರೆ ಯಾವುದೋ ಆ್ಯಪ್ ಅಂಗಡಿ ಇದೆ. ವೈಡ್‌ವೈನ್ ಎಲ್3. ರಿಮೋಟಿನಲ್ಲಿ ಮಾತನಾಡುವ ಗುಂಡಿಯೂ ಇಲ್ಲ.

ಹುಬ್ಬಳ್ಳಿ_ಸರ್ವಿಸ್:

ಹದಿನೈದು ವರ್ಷಗಳಿಂದ ಟಿವಿ ರಿಪೇರಿ ಮಾಡುತ್ತಿದ್ದೇನೆ. ದಿನಾಂಕದ ವಿಷಯ ನಾನು ಹೇಳುತ್ತೇನೆ, ಉಳಿದದ್ದನ್ನು ಮೇಡಂ ಹೇಳಲಿ.

ಆಂಡ್ರಾಯ್ಡ್ ಕಾಲವನ್ನು ಎಣಿಸುವುದು ಗ್ರೀನಿಚ್ ಸಮಯದ 1970ರ ಜನವರಿ 1ರ ಶೂನ್ಯ ಗಂಟೆಯಿಂದ. ಆ ಹೊತ್ತಿಗೆ ಭಾರತದಲ್ಲಿ ಬೆಳಿಗ್ಗೆ 5.30. ಅಂದರೆ ನಿಮ್ಮ ಟಿವಿಗೆ ಸಮಯ ಪೂರ್ತಿ ಮರೆತುಹೋಗಿ ಅದು ಸೊನ್ನೆಯಿಂದ ಶುರು ಮಾಡಿದೆ. ಇಂತಹ ಬೋರ್ಡುಗಳಲ್ಲಿ ಗಡಿಯಾರಕ್ಕೆಂದು ಪ್ರತ್ಯೇಕ ಸೆಲ್ ಇರುವುದಿಲ್ಲ. ರಿಮೋಟಿನಿಂದ ಆರಿಸಿದರೆ ಸಮಯ ಉಳಿಯುತ್ತದೆ, ಗೋಡೆಯ ಸ್ವಿಚ್ ಆರಿಸಿದರೆ ಹೋಗುತ್ತದೆ. ಇನ್ನು ಪ್ರತಿಯೊಂದು ಸುರಕ್ಷಿತ ಜಾಲತಾಣಕ್ಕೂ ಒಂದು ಪ್ರಮಾಣಪತ್ರವಿರುತ್ತದೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದಕ್ಕೆ ಅವಧಿ ಇರುತ್ತದೆ. 1970ರಲ್ಲಿ ಕುಳಿತು ನೋಡುವ ಟಿವಿಗೆ ಆ ಪತ್ರಗಳ ಅವಧಿ ಇನ್ನೂ ಆರಂಭವೇ ಆಗಿಲ್ಲ. ಹಾಗಾಗಿ ಒಂದನ್ನೂ ನಂಬದೆ ಸಂಪರ್ಕ ಕಡಿಯುತ್ತದೆ, ಆ್ಯಪ್ ಅದನ್ನು ‘ಇಂಟರ್‌ನೆಟ್ ಇಲ್ಲ’ ಎಂದು ತೋರಿಸುತ್ತದೆ. ವೈಫೈನಲ್ಲಿ ತಪ್ಪೇನೂ ಇಲ್ಲ.

ದಿನಾಂಕದ ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕಿನಿಂದ ಸಮಯ ಪಡೆ’ ಎಂಬುದನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ, ಕಾಲವಲಯ ಕೋಲ್ಕತ್ತ ಎಂದಿರಲಿ. ನಂತರ ಎರಡು ನಿಮಿಷ ಸ್ವಿಚ್ ಆರಿಸಿ ಹಾಕಿ ನೋಡಿ. ಆಗಲೂ ಸಮಯ ತಾನಾಗಿ ಬರದಿದ್ದರೆ ಪ್ರತಿ ಸಲ ಕೈಯಿಂದ ದಿನಾಂಕ ಹಾಕಬೇಕಾಗುತ್ತದೆ. ರಾತ್ರಿ ಸ್ವಿಚ್ ಹಾಕಿಯೇ ಬಿಡಿ ಎಂದು ಬೇರೆ ಊರಿನವರಿಗಾದರೆ ಹೇಳುತ್ತಿದ್ದೆ, ಮಲೆನಾಡಿನವರಿಗೆ ಹೇಳಲಾರೆ. ಸಿಡಿಲಿನ ಕಾಲದಲ್ಲಿ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೇ ಕೀಳಬೇಕು. ಡಿಶ್‌ನ ತಂತಿಯನ್ನೂ ಕಳಚಬೇಕು. ಸಿಡಿಲಿಗೆ ಬೋರ್ಡ್ ಸುಟ್ಟುಕೊಂಡು ನನ್ನ ಅಂಗಡಿಗೆ ಬಂದ ಟಿವಿಗಳಲ್ಲಿ ಹೆಚ್ಚಿನವು ಡಿಶ್ ತಂತಿಯಿಂದ ಹೊಡೆತ ತಿಂದಂಥವು.

ಸುಮಾ_ಮೈಸೂರು:

ಪ್ರೈಮ್ ಮಸುಕಾಗಿರುವುದಕ್ಕೆ ಉತ್ತರ ಆ ಎಲ್3ರಲ್ಲೇ ಇದೆ. ಹಣ ಕೊಟ್ಟು ನೋಡುವ ಚಿತ್ರಗಳು ಬೀಗ ಹಾಕಿಕೊಂಡು ಬರುತ್ತವೆ. ಎಲ್1 ಇರುವ ಟಿವಿಯಲ್ಲಿ ಆ ಬೀಗ ತೆರೆಯುವುದೂ ಚಿತ್ರ ಬಿಡಿಸುವುದೂ ಟಿವಿಯ ಚಿಪ್‌ನೊಳಗಿನ ಭದ್ರವಾದ ಭಾಗದಲ್ಲಿ ನಡೆಯುತ್ತದೆ. ಎಲ್3ರಲ್ಲಿ ಎಲ್ಲವೂ ಸಾಮಾನ್ಯ ಸಾಫ್ಟ್‌ವೇರಿನಲ್ಲಿ. ನಡುವೆ ಕೈ ಹಾಕಿ ನಕಲು ಮಾಡಬಹುದು ಎಂಬ ಭಯಕ್ಕೆ ಪ್ರೈಮ್, ನೆಟ್‌ಫ್ಲಿಕ್ಸ್‌ನಂಥ ಸೇವೆಗಳು ಎಲ್3 ಸಾಧನಗಳಿಗೆ 480 ಗೆರೆಗಳ ಕೆಳದರ್ಜೆಯ ಚಿತ್ರವನ್ನಷ್ಟೇ ಕಳುಹಿಸುತ್ತವೆ. ಯೂಟ್ಯೂಬಿನ ಉಚಿತ ವಿಡಿಯೊಗಳಿಗೆ ಈ ಬೀಗವಿಲ್ಲ, ಅದಕ್ಕೇ ಅವು ಸ್ಪಷ್ಟ.

ಎಲ್1ರ ಕೀಲಿ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಟಿವಿಯೊಳಗೆ ಕೂರುತ್ತದೆ. ಯಾವ ಸೆಟ್ಟಿಂಗ್‌ನಿಂದಲೂ ರೀಸೆಟ್‌ನಿಂದಲೂ ನೀವು ಅದನ್ನು ತರಲಾರಿರಿ. ‘ಮುಂದಿನ ಅಪ್‌ಡೇಟಿನಲ್ಲಿ ಸರಿಹೋಗುತ್ತದೆ’ ಎಂದು ಗ್ರಾಹಕ ಸೇವೆಯವರು ಹೇಳಿದರೆ ದಯವಿಟ್ಟು ನಂಬಿ ಕೂರಬೇಡಿ. ನೆಟ್‌ಫ್ಲಿಕ್ಸ್‌ಗಂತೂ ಆ ಕಂಪನಿಯದೇ ಪ್ರತ್ಯೇಕ ಒಪ್ಪಿಗೆ ಬೇಕು.

ನಿಮ್ಮ ಟಿವಿಯಲ್ಲಿರುವುದು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಮುಕ್ತ ಆಂಡ್ರಾಯ್ಡ್. ಗೂಗಲ್ ಪ್ರಮಾಣೀಕರಿಸುವ ಆಂಡ್ರಾಯ್ಡ್ ಟಿವಿ ಅಥವಾ ಗೂಗಲ್ ಟಿವಿ ಬೇರೆಯೇ. ಪೆಟ್ಟಿಗೆಯ ಮೇಲೆ ಬರಿಯ ‘ಆಂಡ್ರಾಯ್ಡ್’ ಎಂದಿದ್ದರೆ ಕೊಳ್ಳುವವರಿಗೆ ಈ ವ್ಯತ್ಯಾಸ ಹೊಳೆಯುವುದೇ ಇಲ್ಲ, ನನಗೆ ಸಿಟ್ಟು ಬರುವುದು ಅಲ್ಲೇ. ಇದು ಚಿತ್ರದ ಅಂದಕ್ಕೆ ಮಾತ್ರ ಸಂಬಂಧಿಸಿದ್ದೂ ಅಲ್ಲ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ‘ಬ್ಯಾಡ್‌ಬಾಕ್ಸ್ 2.0’ ಎಂಬ ಕುತಂತ್ರಾಂಶದ ಬಗ್ಗೆ ಎಚ್ಚರಿಕೆ ನೀಡಿತ್ತು. ಪ್ರಮಾಣೀಕರಣವಿಲ್ಲದ ಟಿವಿ ಪೆಟ್ಟಿಗೆಗಳಂಥ ಅಗ್ಗದ ಸಾಧನಗಳೊಳಗೆ ಅದು ಮಾರಾಟಕ್ಕೆ ಮುನ್ನವೇ ಸೇರಿರುತ್ತಿತ್ತು, ಇಲ್ಲವೇ ಮೊದಲ ಬಾರಿ ಆ್ಯಪ್ ಹಾಕಿಕೊಳ್ಳುವಾಗ ಸೇರುತ್ತಿತ್ತು. ನಿಮ್ಮದರಲ್ಲಿ ಅದು ಇದೆ ಎನ್ನುತ್ತಿಲ್ಲ. ಆದರೂ ಆ ಟಿವಿಯಲ್ಲಿ ಅಪ್ಪನ ಮುಖ್ಯ ಇಮೇಲ್ ಖಾತೆ ತೆರೆಯಬೇಡಿ.

ಪರದೆ ನಿಜಕ್ಕೂ ಚೆನ್ನಾಗಿದ್ದರೆ ಒಂದು ದಾರಿ ಇದೆ. ಪ್ರಮಾಣೀಕೃತ ಸ್ಟ್ರೀಮಿಂಗ್ ಸ್ಟಿಕ್ (ಇಂಥ ಆ್ಯಪ್‌ಗಳನ್ನು ತಾನೇ ನಡೆಸುವ ಚಿಕ್ಕ ಸಾಧನ) ತಂದು ಎಚ್‌ಡಿಎಂಐಗೆ ಚುಚ್ಚಿ, ಟಿವಿಯನ್ನು ಬರಿಯ ಪರದೆಯಂತೆ ಬಳಸುವುದು. ಟಿವಿಯ ವೈಫೈ ಆಫ್ ಮಾಡಿಬಿಟ್ಟರೆ 1970ರ ಕಾಟವೂ ಇರುವುದಿಲ್ಲ. ಆದರೆ ಅದಕ್ಕೂ ಮೊದಲು ಪರದೆ 4ಕೆ ಹೌದೋ ಅಲ್ಲವೋ ಎಂದು ನೋಡಲೇಬೇಕು.

ಹೊಳೆಬಾಗಿಲು:

ಅದನ್ನು ತಿಳಿಯುವುದು ಹೇಗೆ ಮೇಡಂ? ಒಂದು ಆ್ಯಪ್ ಹಾಕಿದೆ, 1920 × 1080 ಎಂದಿತು. ಲ್ಯಾಪ್‌ಟಾಪ್ ಜೋಡಿಸಿದರೆ 3840 × 2160 ಎನ್ನುತ್ತದೆ.

ಸುಮಾ_ಮೈಸೂರು:

ಎರಡನ್ನೂ ನಂಬುವಂತಿಲ್ಲ. ಅಸಲಿ 4ಕೆ ಟಿವಿಗಳಲ್ಲೂ ಮೆನುವನ್ನು 1080ರಲ್ಲೇ ಬಿಡಿಸಿ ಹಿಗ್ಗಿಸುವುದು ವಾಡಿಕೆ, ಹಾಗಾಗಿ ಆ್ಯಪ್ ಹಾಗೆ ಹೇಳುತ್ತದೆ. ಲ್ಯಾಪ್‌ಟಾಪಿಗೆ ಗೊತ್ತಿರುವುದು ಟಿವಿ ಏನನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂಬುದಷ್ಟೇ. 4ಕೆ ಚಿತ್ರವನ್ನು ಒಳಗೆ ತೆಗೆದುಕೊಂಡು ಕಡಿಮೆ ಚುಕ್ಕಿಗಳ ಪರದೆಗೆ ಕುಗ್ಗಿಸಿ ತೋರಿಸುವ ಬೋರ್ಡುಗಳಿವೆ.

ಚುಕ್ಕಿಗಳನ್ನು ಎಣಿಸಿಬಿಡಿ. 55 ಇಂಚಿನ ಪರದೆಯ ಅಗಲ ಸುಮಾರು 121.8 ಸೆಂ.ಮೀ. ಅಷ್ಟರಲ್ಲಿ 3840 ಚುಕ್ಕಿಗಳಿದ್ದರೆ ಒಂದು ಸೆಂ.ಮೀ.ಗೆ 31ರಿಂದ 32, 1920 ಇದ್ದರೆ 16ರ ಹತ್ತಿರ. ಪರದೆಯಲ್ಲಿ ಪೂರ್ತಿ ಬಿಳಿ ಚಿತ್ರ ಹಾಕಿ, ಶಾಲೆಯ ಮಕ್ಕಳ ಪಾರದರ್ಶಕ ಸ್ಕೇಲನ್ನು ಒತ್ತದೆ ಮೆಲ್ಲಗೆ ಅಡ್ಡಲಾಗಿ ಹಿಡಿದು, ಮೊಬೈಲಿನಲ್ಲಿ ಆದಷ್ಟು ಹತ್ತಿರದಿಂದ ಫೋಟೊ ತೆಗೆಯಿರಿ. ಹಿಗ್ಗಿಸಿದಾಗ ಕೆಂಪು, ಹಸಿರು, ನೀಲಿ ಪಟ್ಟಿಗಳು ಸಾಲಾಗಿ ಕಾಣುತ್ತವೆ. ಮೂರೂ ಸೇರಿ ಒಂದು ಚುಕ್ಕಿ. ಸ್ಕೇಲಿನ ಒಂದು ಸೆಂ.ಮೀ. ಒಳಗೆ ಎಷ್ಟು ಬರುತ್ತವೆ ನೋಡಿ.

ಹುಬ್ಬಳ್ಳಿ_ಸರ್ವಿಸ್:

ಮೇಡಂ ಹೇಳಿದ ಪರೀಕ್ಷೆ ಬಹಳ ಒಳ್ಳೆಯದು. ಟಿವಿಯ ಹಿಂದಿನ ಚೀಟಿಯನ್ನೂ ನೋಡಿ. ‘ಆರ್’ ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಇರಬೇಕು. ಅದನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ತಯಾರಿಸಿದವರು ಯಾರು ಎಂದು ತಿಳಿಯುತ್ತದೆ. ಒಂದೇ ಕಾರ್ಖಾನೆಯ ಟಿವಿ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುತ್ತದೆ.

ಇಟ್ಟುಕೊಳ್ಳುವುದಾದರೆ ಬ್ಯಾಕ್‌ಲೈಟನ್ನು 50–60ಕ್ಕೆ ಇಳಿಸಿ. ಇಂತಹ ಟಿವಿಗಳಲ್ಲಿ ಪರದೆಯ ಹಿಂದೆ ಎಲ್‌ಇಡಿ ಪಟ್ಟಿಗಳಿರುತ್ತವೆ. ಅಂಗಡಿಯಲ್ಲಿ ಬೆಳಗಿ ಕಾಣಲೆಂದು ಅವುಗಳಿಗೆ ತಾಳುವಷ್ಟೂ ಕರೆಂಟ್ ಹರಿಸಿರುತ್ತಾರೆ. ದೀಪಗಳು ಸರಣಿಯಲ್ಲಿರುವುದರಿಂದ ಒಂದು ಸುಟ್ಟರೆ ಸಾಲಿಗೆ ಸಾಲೇ ಕತ್ತಲು. ಧ್ವನಿ ಬರುತ್ತಿದೆ, ಚಿತ್ರ ಇಲ್ಲ ಎಂದು ಜನ ಓಡಿಬರುತ್ತಾರೆ. ಕತ್ತಲೆಯಲ್ಲಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದಾಗ ಚಿತ್ರ ಮಬ್ಬಾಗಿ ಕಂಡರೆ ಪ್ಯಾನೆಲ್ ಚೆನ್ನಾಗಿದೆ, ದೀಪ ಹೋಗಿದೆ ಎಂದರ್ಥ. ಪಟ್ಟಿ ಬದಲಿಸಬಹುದು. ಪ್ಯಾನೆಲ್ಲೇ ಒಡೆದರೆ ಮಾತ್ರ ರಿಪೇರಿಯ ಆಸೆ ಬಿಡಬೇಕು.

ಹೊಳೆಬಾಗಿಲು:

ಎಣಿಸಿದೆ. ಅಣ್ಣನ ಮಗಳ ಸ್ಕೇಲು, ಅಪ್ಪನ ಕೈಯಲ್ಲಿ ಟಾರ್ಚು. ಮೊದಲ ಎರಡು ಫೋಟೊ ಅಲುಗಿದವು. ಮೂರನೆಯದರಲ್ಲಿ ಗೆರೆಯಿಂದ ಗೆರೆಗೆ ಸರಿಯಾಗಿ 16 ಚುಕ್ಕಿ. ಇನ್ನೆರಡು ಕಡೆ ಹಿಡಿದು ನೋಡಿದೆ, ಅಲ್ಲೂ 16.

ದಿನಾಂಕದ ಸೆಟ್ಟಿಂಗ್ ಮಾಡಿದ ಮೇಲೆ ಮೂರು ಸಲದಲ್ಲಿ ಎರಡು ಸಲ ಸಮಯ ತಾನಾಗಿಯೇ ಬಂತು. ಆದರೆ ಈ ಟಿವಿ ಇನ್ನು ಬೇಡ. ಗ್ರಾಹಕ ಸೇವೆಗೆ ಕರೆ ಮಾಡಿದರೆ, ತಂತ್ರಜ್ಞರು ಬಂದು ನೋಡಬೇಕು, ಅದಕ್ಕೆ ಒಂದು ವಾರ ಬೇಕು ಎನ್ನುತ್ತಾರೆ. ಅಷ್ಟರಲ್ಲಿ ಹತ್ತು ದಿನ ಮುಗಿದುಹೋಗುತ್ತದೆ.

ಸುಮಾ_ಮೈಸೂರು:

ಫೋನಿನಲ್ಲಿ ಮಾತನಾಡುವುದನ್ನು ನಿಲ್ಲಿಸಿ. ಖರೀದಿಸಿದ ತಾಣದಲ್ಲೇ ಇಂದೇ ಲಿಖಿತವಾಗಿ ವಾಪಸಾತಿ ಕೋರಿಕೆ ಹಾಕಿ. ಕಾರಣ ‘ಚಿತ್ರ ಚೆನ್ನಾಗಿಲ್ಲ’ ಎಂದು ಬರೆಯಬೇಡಿ, ‘ವಿವರಣೆಗೆ ಹೊಂದುವುದಿಲ್ಲ’ ಎಂದೇ ಬರೆಯಿರಿ. ಪುಟದ ಸ್ಕ್ರೀನ್‌ಶಾಟ್, ಸ್ಕೇಲಿನ ಫೋಟೊ, ಲೆಕ್ಕ ಮೂರನ್ನೂ ಲಗತ್ತಿಸಿ. ಬದಲಿ ಟಿವಿ ಕೇಳಬೇಡಿ, ಅದೇ ಮಾದರಿಯ ಇನ್ನೊಂದರಲ್ಲೂ 16 ಚುಕ್ಕಿಯೇ ಇರುತ್ತದೆ. ಹಣ ಕೇಳಿ.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳಿಲ್ಲದ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ತಾಣದ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅವರಿಗೂ ಇಮೇಲ್ ಕಳುಹಿಸಿ. ಜಗ್ಗಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದಾಗಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಹೊಳೆಬಾಗಿಲು:

ಹನ್ನೆರಡು ದಿನಗಳ ಮೇಲೆ ಬರೆಯುತ್ತಿದ್ದೇನೆ. ತಂತ್ರಜ್ಞರು ಬಂದರು, ‘ಇದು ಮಾಮೂಲಿ, ಎಲ್ಲ ಟಿವಿಯೂ ಹೀಗೇ’ ಎಂದರು. ಅವರ ಎದುರಿಗೇ ಸ್ಕೇಲು ಹಿಡಿದು ಎಣಿಸಿ ತೋರಿಸಿದೆ. ಅವರು ವಾದ ಮಾಡಲಿಲ್ಲ, ವರದಿಯಲ್ಲಿ ಹಾಗೆಯೇ ಬರೆದುಕೊಂಡು ಹೋದರು. 1915ಕ್ಕೆ ದೂರು ಕೊಟ್ಟ ಐದನೆಯ ದಿನ ಪೂರ್ತಿ ಹಣ ಖಾತೆಗೆ ಬಂತು.

ಈಗ ಅಪ್ಪನಿಗೆ ಏನು ತೆಗೆದುಕೊಡಲಿ? ಎಷ್ಟೇ ಎಳೆದರೂ 30,000 ದಾಟುವಂತಿಲ್ಲ.

ಹುಬ್ಬಳ್ಳಿ_ಸರ್ವಿಸ್:

ಹಣ ಬಂದದ್ದು ಬಹಳ ಸಂತೋಷ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಹಳೆಯ ಬೆಲೆ ನೋಡಿ ಹೆದರಬೇಡಿ. 55ರ ಹಟ ಬಿಟ್ಟು 50 ಇಂಚು ನೋಡಿ. ಗೂಗಲ್ ಟಿವಿ ಎಂದು ಸ್ಪಷ್ಟವಾಗಿ ಬರೆದಿರಲಿ, ನೆಟ್‌ಫ್ಲಿಕ್ಸ್ ಗುಂಡಿ ರಿಮೋಟಿನಲ್ಲೇ ಇರಲಿ. ಹೆಸರು ದೊಡ್ಡದೋ ಚಿಕ್ಕದೋ ಎನ್ನುವುದಕ್ಕಿಂತ ಸಾಗರಕ್ಕೋ ಶಿವಮೊಗ್ಗಕ್ಕೋ ಅವರ ಸರ್ವಿಸ್ ಬರುತ್ತದೆಯೇ ಎಂದು ಕೇಳಿ. ಅಂಗಡಿಯಲ್ಲೇ ಕೊಂಡರೆ ಇನ್ನೂ ಒಳ್ಳೆಯದು, ಸ್ಕೇಲು ಜೇಬಿನಲ್ಲಿಟ್ಟುಕೊಂಡೇ ಹೋಗಬಹುದು.

ಹೊಳೆಬಾಗಿಲು:

ಶಿವಮೊಗ್ಗದ ಅಂಗಡಿಯಲ್ಲಿ 50 ಇಂಚಿನದು ತೆಗೆದುಕೊಂಡೆ. ಅಂಗಡಿಯವರು ಬೇಸರಿಸದೆ ಬಿಳಿ ಚಿತ್ರ ಹಾಕಿಕೊಟ್ಟರು. ಒಂದು ಸೆಂ.ಮೀ.ಗೆ 35ರ ಹತ್ತಿರ ಬಂತು. ವೈಡ್‌ವೈನ್ ಎಲ್1. ನಿನ್ನೆ ಮಳೆಗೆ ಇಡೀ ರಾತ್ರಿ ಕರೆಂಟ್ ಇರಲಿಲ್ಲ. ಇವತ್ತು ಬೆಳಿಗ್ಗೆ ಅಪ್ಪ ತಾವೇ ಪ್ಲಗ್ ಚುಚ್ಚಿ ಟಿವಿ ಹಾಕಿ ನನಗೆ ಫೋನ್ ಮಾಡಿದರು. ದಿನಾಂಕ ಸರಿಯಾಗಿದೆಯಂತೆ, ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ಹಾಕಿಕೊಂಡರೂ ಚಂದನದ ವಾರ್ತೆಯಲ್ಲಿ ಕೆಳಗೆ ಓಡುವ ಅಕ್ಷರ ಓದಲು ಬರುತ್ತದಂತೆ.