ಸ್ಲಾವೊನಿಕ್ ಸನ್ಯಾಸಿ ಸಂಕಲನಗಳಿಗೆ ವಂಶವೃಕ್ಷ ಬರೆಯೋದು ಹೇಗೆ?

ಓಲೆಗರಿ:
ಮರುಭೂಮಿಯ ಕ್ರೈಸ್ತ ಸನ್ಯಾಸಿಗಳ ಕಥೆ, ಮಾತುಗಳನ್ನು ಕೂಡಿಸಿದ ‘ಪಾತೆರಿಕ್’ ಎಂಬ ಸಂಕಲನಗಳ ಬಗ್ಗೆ, ಸ್ಲಾವ್ ಜನರ ಹಳೆಯ ಚರ್ಚ್ ಭಾಷೆಯಾದ ಸ್ಲಾವೊನಿಕ್‌ನಲ್ಲಿರುವವು, ಓದುತ್ತಿದ್ದೇನೆ. ಒಂದು ಪ್ರತಿಯಲ್ಲಿರುವ ಕಥೆ ಇನ್ನೊಂದರಲ್ಲಿಲ್ಲ, ಇದ್ದರೂ ಕ್ರಮ ಬೇರೆ. ಯಾವುದರಿಂದ ಯಾವುದು ನಕಲಾಯಿತು ಅಂತ ಹೇಳೋದು ಹೇಗೆ?

ಕರಡುರಾಯ:
ಇಡೀ ಪುಸ್ತಕಕ್ಕೆ ಒಂದೇ ಮರ ಬರೆಯಲು ಹೋಗಬೇಡಿ. ಆ ಬರೆಗಾರರು ಸುಮ್ನೆ ನಕಲು ಮಾಡುತ್ತಿರಲಿಲ್ಲ, ಆರಿಸುತ್ತಿದ್ದರು. 1076ರ ಇಜ್ಬೋರ್ನಿಕ್ ಎಂಬ ಹಳೆಯ ಸ್ಲಾವೊನಿಕ್ ಸಂಕಲನ ನೋಡಿ. ರಾಜನ ಹಲವು ಪುಸ್ತಕಗಳಿಂದ ಆರಿಸಿ ಬರೆದೆ ಅಂತ ‘ಪಾಪಿ ಇವಾನ್’ ಕೊನೆಯಲ್ಲಿ ತಾನೇ ಹೇಳಿಕೊಂಡಿದ್ದಾನೆ. ಇಸವಿ 6584, ಅಂದರೆ ಸೃಷ್ಟಿಯಾದಾಗಿನಿಂದ ಅವರ ಲೆಕ್ಕ. ಮೊದಲ ಬರಹವೇ ಓದುವ ಬಗೆ ಕುರಿತದ್ದು: ಮುಂದಿನ ಅಧ್ಯಾಯಕ್ಕೆ ಓಡಬೇಡ, ಒಂದನ್ನೇ ಮೂರು ಸಲ ತಿರುಗಿ ನೋಡು. ನಮ್ಮಂಥವರಿಗೇ ಬರೆದ ಹಾಗಿದೆ ಅಲ್ವಾ?

ಹಾಗಾಗಿ ಒಂದೊಂದು ಕಥೆಯನ್ನೂ ಬೇರೆಯಾಗಿ ಹಿಂಬಾಲಿಸಬೇಕು.

ಬೆರಳಚ್ಚು:
ಅಂಕಿಗಳನ್ನೂ ನೋಡಿ. ಸ್ಲಾವೊನಿಕ್ ಬರೆಯುತ್ತಿದ್ದ ಹಳೆಯ ಗ್ಲಾಗೊಲಿಟಿಕ್ ಲಿಪಿಯಲ್ಲೂ ಆಮೇಲಿನ ಸಿರಿಲಿಕ್ ಲಿಪಿಯಲ್ಲೂ ಅಕ್ಷರಗಳೇ ಅಂಕಿ, ಆದರೆ ಬೆಲೆ ಬೇರೆ. ‘ವ’ ಗ್ಲಾಗೊಲಿಟಿಕ್‌ನಲ್ಲಿ 3, ಸಿರಿಲಿಕ್‌ನಲ್ಲಿ 2. ‘ಗ’ ಅಲ್ಲಿ 4, ಇಲ್ಲಿ 3. ಲಿಪಿ ಬದಲಿಸಿದವನು ಅಕ್ಷರ ಹಾಗೇ ಇಟ್ಟು ಬೆಲೆ ಬದಲಿಸಲು ಮರೆತರೆ, ಸನ್ಯಾಸಿಯ ಮೂರು ರೊಟ್ಟಿ ಎರಡಾಗುತ್ತೆ! ಗ್ರೀಕ್ ಮೂಲದಲ್ಲಿ 3 ಇದ್ದು ನಿಮ್ಮ ಪ್ರತಿಯಲ್ಲಿ 2 ಇದ್ದರೆ, ಹಿಂದೆ ಎಲ್ಲೋ ಗ್ಲಾಗೊಲಿಟಿಕ್ ಪ್ರತಿ ಇದ್ದಿರಬಹುದು ಅನ್ನೋದಕ್ಕೆ ಅದೊಂದು ಸುಳಿವು.

ಓಲೆಗರಿ:
ಇದು ಹೊಳೆದೇ ಇರಲಿಲ್ಲ. ತಪ್ಪು ಕಮ್ಮಿ ಇರುವ ಪ್ರತಿಯನ್ನೇ ಆಧಾರ ಮಾಡಿಕೊಂಡರೆ ಆಗಲ್ವಾ?

ಕರಡುರಾಯ:
ಜೀವನವಿಡೀ ಕರಡು ತಿದ್ದಿದವನು ನಾನು. ಚೊಕ್ಕಟ ಪ್ರತಿ ಕಂಡರೆ ನನಗೆ ಅನುಮಾನ ಜಾಸ್ತಿ. ಯಾರೋ ತಿದ್ದಿರುತ್ತಾರೆ. 15ನೇ ಶತಮಾನದ ರಷ್ಯಾದ ಸನ್ಯಾಸಿ ನಿಲ್ ಸೋರ್ಸ್ಕಿ ಸಂತರ ಚರಿತ್ರೆಗಳನ್ನು ನಕಲು ಮಾಡುವಾಗ ಹಲವು ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ತನ್ನ ಬುದ್ಧಿಗೆ ಎಟುಕಿದಷ್ಟು ತಿದ್ದಿದ. ಸರಿಯಾದ ಮಾತು ಯಾವ ಪ್ರತಿಯಲ್ಲೂ ಸಿಗದ ಕಡೆ ಜಾಗ ಖಾಲಿ ಬಿಟ್ಟ. ಈ ಖಾಲಿ ಜಾಗಕ್ಕೆ ನಾನು ಕೈಮುಗಿಯುತ್ತೇನೆ. ಎಷ್ಟು ಸಂಪಾದಕರಿಗೆ ಆ ಧೈರ್ಯ ಇದೆ?

18ನೇ ಶತಮಾನದ ಸನ್ಯಾಸಿ ಪೈಸಿ ವೆಲಿಚ್ಕೊವ್‌ಸ್ಕಿಯದು ಇನ್ನೊಂದು ಪಾಡು. ಗ್ರೀಸ್‌ನ ಸನ್ಯಾಸಿಗಳ ನೆಲೆಯಾದ ಆಥೋಸ್ ಬೆಟ್ಟದಲ್ಲಿ, ಹಳೆಯ ಸನ್ಯಾಸಿಗಳ ಬರಹಗಳ ಸ್ಲಾವೊನಿಕ್ ಪ್ರತಿಗಳನ್ನು ಒಂದರ ಜೊತೆ ಒಂದು ಹೋಲಿಸಿ ತಿದ್ದಿದ. ಅರ್ಥ ಮಾತ್ರ ತಿಳಿಯಾಗಲಿಲ್ಲ. ತಪ್ಪು ಎಲ್ಲಾ ಪ್ರತಿಗಳಲ್ಲೂ ಒಂದೇ ಇದ್ದರೆ ಹೋಲಿಸಿ ಏನು ಬಂತು? ಗ್ರೀಕ್ ಮೂಲ ಹುಡುಕಿದರೆ, ಅಲ್ಲಿನ ಸನ್ಯಾಸಿಗಳೇ ಅಂಥ ಪುಸ್ತಕ ಕಂಡಿಲ್ಲ ಅಂದರು. ಕೊನೆಗೆ ಸಂತ ಬೆಸಿಲ್ ಹೆಸರಿನ ಸಣ್ಣ ಆಶ್ರಮದಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ ಒಬ್ಬ ಸನ್ಯಾಸಿ ನಕಲು ಮಾಡುತ್ತಿದ್ದ ಪುಸ್ತಕ ಕಣ್ಣಿಗೆ ಬಿತ್ತು. ದಮಾಸ್ಕಸ್‌ನ ಪೀಟರ್ ಎಂಬ ಸನ್ಯಾಸಿ ಬರೆದದ್ದು, ಪೈಸಿ ಹುಡುಕುತ್ತಿದ್ದಂಥದ್ದೇ! ದುಡ್ಡು ಕೊಟ್ಟು ಪ್ರತಿ ಬರೆಸಿಕೊಳ್ಳಲು ಅಲ್ಲೇ ಮಾತಾಡಿದ. ಮುಂದೆ 1793ರಲ್ಲಿ ಮಾಸ್ಕೋದಲ್ಲಿ ಅಚ್ಚಾದ ‘ದೊಬ್ರೊತೊಲ್ಯೂಬಿಯೆ’ ಎಂಬ ಸನ್ಯಾಸಿ ಬರಹಗಳ ಸಂಕಲನಕ್ಕೆ ಪೈಸಿಯ ಅನುವಾದಗಳೇ ಆಧಾರ.

ನೀವೂ ಒಂದೇ ಕಥೆ ಹಿಡಿಯಿರಿ. ಬರೆಗಾರ ಸುಲಭವಾಗಿ ಸರಿಮಾಡಬಹುದಾದ ತಪ್ಪು ಬಿಟ್ಟುಬಿಡಿ. ಸಾಲು ಹಾರಿಹೋದದ್ದು, ಅಂಕಿ ಕೆಟ್ಟದ್ದು ಎರಡು ಪ್ರತಿಗಳಲ್ಲೂ ಒಂದೇ ಥರ ಇದ್ದರೆ ಮಾತ್ರ ಅವನ್ನು ನೆಂಟರು ಅನ್ನಿ.